ಒಂದರ ನಳಿಗೆ, ಎರಡರ ಹಿಡಿ

ಅಗಡಿಯ ಶೇಖಪ್ಪನವರು ಬದುಕಿದ್ದಷ್ಟು ದಿನ ತಮ್ಮ ಜೋಡುನಳಿಗೆ ಬಂದೂಕಿನ ಬಗ್ಗೆ ಕೊಚ್ಚಿಕೊಳ್ಳದ ಮದುವೆ ಮನೆಯಿಲ್ಲ. ‘ಅಸಲಿ ವಿಲಾಯ್ತಿ ಮಾಲು, ನಳಿಗಿಯಿಂದ ಹಿಡಿತನಕ’ ಎಂದು ಅವರು ಶುರು ಮಾಡಿದರೆ ಬೀಗರು ಎಲೆಯಡಿಕೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಗೋಡೆಗೆ ಒರಗುತ್ತಿದ್ದರು. ಇನ್ನು ಒಂದು ತಾಸು ಏಳುವಂತಿಲ್ಲ ಎಂದು ಅವರಿಗೆ ಗೊತ್ತು. ಊರಿನ ಪೋಲಿಗಳು ಮಾತ್ರ ‘ಸಂತ್ಯಾಗಿನ ಡಬ್ಬಾ ಬಂದೂಕು’ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮಗಳು ಭುವನಾ ಸಣ್ಣವಳಿದ್ದಾಗ ಈ ಮಾತಿಗೆ ಒಬ್ಬ ಹುಡುಗನ ತಲೆಯ ಮೇಲೆ ಸ್ಲೇಟು ಮುರಿದಿದ್ದಳು. ಈಗ ಅವಳು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಸ್ಲೇಟು ಮುರಿಯುವ ಸಿಟ್ಟು ಮಾತ್ರ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಶೇಖಪ್ಪನವರು ಹೋದ ವರ್ಷ ತೀರಿಕೊಂಡರು. ಬಂದೂಕು ಮಗಳ ಹೆಸರಿಗೆ ಆಗಬೇಕಿತ್ತು. ಲೈಸೆನ್ಸ್ ಕೈಗೆ ಬರುವವರೆಗೆ ಅದನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲವಾದ್ದರಿಂದ ಹಾವೇರಿಯ ಕೊಟ್ರೇಶನ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿದ್ದರು. ಕೊಟ್ರೇಶ ಅದನ್ನು ಬಿಚ್ಚಿ ನೋಡಿ, ಎಲ್ಲ ಭಾಗಗಳೂ ಅದರವೇ ಹೌದೆಂದು ವರದಿ ಬರೆದುಕೊಟ್ಟರೆ ಕೆಲಸ ಮುಗಿದಂತೆ. ಅಸಲಿ ಎಂಬ ಆ ಒಂದು ಮಾತನ್ನು ಕಾಗದದ ಮೇಲೆ ಕಣ್ಣಾರೆ ನೋಡಬೇಕೆಂದೇ ಭುವನಾ ಕಾಲೇಜಿಗೆ ರಜೆ ಹಾಕಿ, ಸ್ಕೂಟಿ ಹತ್ತಿ ಬಂದಿದ್ದಳು.

ಕೊಟ್ರೇಶ ಸಾವಕಾಶದ ಮನುಷ್ಯ. ಚಹಾ ತರಿಸಿದ, ಕನ್ನಡಕ ಒರೆಸಿದ, ಮೇಜಿನ ಮೇಲೆ ಬಟ್ಟೆ ಹಾಸಿದ. ಭುವನಾ ಒಳಗೊಳಗೇ ಕುದಿಯುತ್ತಿದ್ದಳು. ಕೊನೆಗೆ ಅವನು ಬಂದೂಕಿನ ಕೀಲು ತಿರುಗಿಸಿ, ಕೊಕ್ಕೆಯಿಂದ ನಳಿಗೆಗಳನ್ನು ಕಳಚಿ, ಮಗುಚಿ ಹಾಕಿ, ಅವುಗಳ ಬುಡಕ್ಕೆ ಬ್ಯಾಟರಿಯ ಬೆಳಕು ಬಿಟ್ಟ. ಅಲ್ಲಿಂದ ಹಿಡಿಯ ಉಕ್ಕಿನ ಮೇಲೆ ಬಿಟ್ಟ. ಮತ್ತೆ ನಳಿಗೆಯ ಮೇಲೆ ಬಿಟ್ಟ.

“ಮೇಡಂ, ಸ್ವಲ್ಪ ಇಲ್ಲಿ ನೋಡ್ರಿ. ಹಿಡಿ ಮ್ಯಾಲಿನ ನಂಬರ ಯಾವ ಅಂಕಿಗೆ ಮುಗದೈತಿ?”

“ಎರಡಕ್ಕ.”

“ನಳಿಗಿ ಮ್ಯಾಲಿಂದು?”

ಭುವನಾ ಬಗ್ಗಿ ನೋಡಿದಳು. ಹಿಂದಿನ ಅಂಕಿಗಳೆಲ್ಲ ಅವೇ. ಕೊನೆಯದು ಮಾತ್ರ ಒಂದು.

“ನಳಿಗಿ ಇದರದ್ದಲ್ರಿ” ಎಂದ ಕೊಟ್ರೇಶ. “ಬ್ಯಾರೆ ಬಂದೂಕಿಂದು ತಂದು ಕುಂದ್ರಿಸ್ಯಾರ.”

“ನಮ್ಮಪ್ಪ ಹಂಗ ಮಾಡೋ ಮನಶ್ಯಾ ಅಲ್ಲ.”

“ಅವರ ಮಾಡ್ಯಾರ ಅಂತ ನಾ ಎಲ್ಲಿ ಅಂದೆ? ಆದ್ರ ಇದು ಎಲ್ಲಿಂದ ಬಂತು ಅಂತ ಹೇಳಾಕ ಬರಬೇಕಲ್ಲ. ಕಳವಿಂದು ಆಗಿದ್ರ? ನಾಳೆ ಸಂಜಿಗೆ ನಾ ವರದಿ ಕಳಸಬೇಕು. ಗೊತ್ತಿಲ್ಲ ಅಂತ ಬರದ್ರ ಲೈಸೆನ್ಸ್ ಆಗೂದಿಲ್ಲ, ಬಂದೂಕು ಸರಕಾರಕ್ಕ ಹೋಗತೈತಿ. ಮುಂದ ಒಂದಿನ ಕೊಯ್ದು ಗುಜರಿಗೆ ಹಾಕತಾರ.”

ಭುವನಾ ಕುರ್ಚಿ ಬಿಟ್ಟು ಎದ್ದಳು. ಬಂದೂಕು ಹೋಗುವುದು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ‘ನಳಿಗಿಯಿಂದ ಹಿಡಿತನಕ’ ಎಂದು ಹೇಳಿದ ಅಪ್ಪ ಸುಳ್ಳುಗಾರನಾಗುತ್ತಾನಲ್ಲ! ಊರಿನ ಪೋಲಿಗಳು ಗೆಲ್ಲುತ್ತಾರಲ್ಲ! ಅವಳು ಬ್ಯಾಟರಿಯನ್ನು ಕೊಟ್ರೇಶನ ಕೈಯಿಂದ ಕಸಿದುಕೊಂಡಳೆಂದೇ ಹೇಳಬೇಕು. ನಳಿಗೆಯನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು, ತರಗತಿಯಲ್ಲಿ ಮಕ್ಕಳಿಗೆ ಬೈಯುವಂತೆ ಅದಕ್ಕೂ ಏನೋ ಗೊಣಗಿದಳು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ, ಬುಡದ ಹತ್ತಿರ, ಬಂಗಾರದ ಬಣ್ಣ ಹಾರಿಹೋದ ಒಂದು ಸಣ್ಣ ಗೆರೆ ಕಂಡಿತು. ಗೀರೆಂದುಕೊಂಡಿದ್ದಳು. ಉಗುರಿನಿಂದ ತಿಕ್ಕಿದಾಗ ಅದು ಇಂಗ್ಲಿಷಿನ ಒಂದು ಎಂಬ ಅಂಕಿ. ಹಿಡಿಯ ಕೀಲಿನ ಮೇಲೆ ಹುಡುಕಿದರೆ, ಅಲ್ಲಿ ಅಷ್ಟೇ ಸಣ್ಣದಾಗಿ ಎರಡು.

“ಇದೇನಿದು, ಕೊಟ್ರೇಶ?”

ಕೊಟ್ರೇಶನ ಸಾವಕಾಶವೆಲ್ಲ ಒಮ್ಮೆಲೇ ಎಲ್ಲಿಗೋ ಹೋಯಿತು. ಕುರ್ಚಿ ಸರಿಸಿ ಎದ್ದು ನಿಂತ. “ಜೋಡಿ ಬಂದೂಕು ಮೇಡಂ ಇದು. ಹಿಂದಕ ದೊಡ್ಡ ಸಾಹೇಬರು ಶಿಕಾರಿಗೆ ಅಂತ ಒಂದ ನಮೂನಿ ಎರಡ ಮಾಡಸತಿದ್ರು. ಒಂದರಾಗ ಹೊಡಿಯೂತನಕ ಇನ್ನೊಂದರಾಗ ಆಳು ತೋಟಾ ತುಂಬತಿದ್ದ. ನಾ ಬರೇ ಕೇಳಿದ್ದೆ, ಕಂಡಿರಲಿಲ್ಲ.”

“ಅಂದ್ರ ಎಲ್ಲೋ ಇನ್ನೊಂದು ಬಂದೂಕು ಐತಿ. ಹಿಡಿ ಒಂದರದು, ನಳಿಗಿ ಎರಡರದು.”

“ಇದ್ರ ನಿಮ್ಮ ನಳಿಗಿ ಅದರ ಮ್ಯಾಲೆ ಕುಂತಿರತೈತಿ.”

ಅವಳು ಎಲ್ಲ ಗುರುತುಗಳ ಫೋಟೋ ತೆಗೆದಳು. ಸಾಲದೆಂದು ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಂಕಿಗಳ ಅಚ್ಚನ್ನೂ ಇಳಿಸಿಕೊಂಡಳು. ಚಹಾ ಹಾಗೆಯೇ ಆರಿತು. ಅಂಗಡಿಯ ಮೆಟ್ಟಿಲಿಳಿಯುವಾಗ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಅಗಡಿಯ ಮನೆಯಲ್ಲಿ ತಾಯಿ ಗದಿಗೆವ್ವ ಮೊರದಲ್ಲಿ ಅಲಸಂದೆ ಆರಿಸುತ್ತ ಕೂತಿದ್ದಳು. ಮಗಳು ಮೊಬೈಲನ್ನು ಮುಖಕ್ಕೆ ಹಿಡಿದಾಗ ಅವಳಿಗೆ ಫೋಟೋ ಕಾಣಲಿಲ್ಲ, ಪ್ರಶ್ನೆ ಮಾತ್ರ ಕೇಳಿಸಿತು: ಅಪ್ಪನ ಬಂದೂಕಿನಂಥದೇ ಇನ್ನೊಂದು ಯಾರ ಮನೆಯಲ್ಲಿತ್ತು?

“ಯಾರ ಮನ್ಯಾಗ ಅಂದ್ರ? ಬ್ಯಾಡಗಿ ಬಾಬಾಜಾನ ಅಣ್ಣಾರ ಮನ್ಯಾಗ. ದೇಸಾಯರ ವಾಡೇದ ಸಾಮಾನು ಹರಾಜ ಆದಾಗ ನಿಮ್ಮ ಮುತ್ಯಾ ಒಂದು, ಅವರಪ್ಪ ಒಂದು ತಂದಿದ್ರಂತ. ನಿನಗ ಗೊತ್ತಿಲ್ಲೇನು?”

ಭುವನಾಳಿಗೆ ಬಾಬಾಜಾನ ಚಾಚಾ ಗೊತ್ತು. ಮೆಣಸಿನಕಾಯಿ ವ್ಯಾಪಾರಿ, ಅಪ್ಪನ ಜೀವದ ಗೆಳೆಯ, ಬಂದಾಗಲೆಲ್ಲ ಅವಳ ಕೈಗೆ ಪೆಪ್ಪರಮಿಂಟು ಹಾಕುತ್ತಿದ್ದ. ಅವನ ಹತ್ತಿರ ಬಂದೂಕಿದ್ದುದೂ ಗೊತ್ತು. ಆದರೆ ಮಕ್ಕಳ ಕಣ್ಣಿಗೆ ಬಂದೂಕೆಂದರೆ ಬಂದೂಕು, ಎಲ್ಲವೂ ಒಂದೇ ಥರ ಕಾಣುತ್ತವೆ. ಇವೆರಡು ಮಾತ್ರ ನಿಜವಾಗಿಯೂ ಒಂದೇ ಥರ ಇದ್ದವೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿಕೊಂಡಿತ್ತು.

ಅಷ್ಟರಲ್ಲಿ ಗದಿಗೆವ್ವನ ಕೈ ಮೊರದಲ್ಲೇ ನಿಂತಿತು. ಮುಖ ಸಣ್ಣದಾಯಿತು.

“ಏಯವ್ವಾ, ಅದು ನಂದ ಕೆಲಸ ಇರಬೇಕ ನೋಡು. ನಾ ಹೊಸದಾಗಿ ಈ ಮನಿಗೆ ಸೊಸಿಯಾಗಿ ನಡೀಲಿಕ್ಕೆ ಬಂದ ವರ್ಷ. ಮಾನೌಮಿಗೆ ಇಬ್ಬರ ಬಂದೂಕೂ ನಮ್ಮನಿ ಜಗಲಿ ಮ್ಯಾಲೆ ಪೂಜಿಗೆ ಇಡತಿದ್ರು. ಬಿಚ್ಚಿಟ್ಟಿದ್ರು. ನಾ ಏನ ಮಾಡಿದೆ, ತಾಮ್ರದ ಬಿಂದಿಗಿ ಕೂಡ ಅವನ್ನೂ ಹುಣಸಿಹಣ್ಣು ಬೂದಿ ಹಚ್ಚಿ ಗಸಗಸ ತಿಕ್ಕಿಬಿಟ್ಟೆ. ಕರ್ರಗ ಇದ್ದ ನಳಿಗಿ ಮ್ಯಾಲೆ ಹಾವಿನ ಪೊರಿಯಂಗ ಸುಳಿ ಸುಳಿ ಎದ್ದು ಬಂತು. ನಿಮ್ಮಪ್ಪ ನೋಡಿ ಹೌಹಾರಿದ. ಮರುದಿನ ಇಬ್ಬರೂ ಎರಡೂ ಬಂದೂಕ ಕಟಗೊಂಡು ರಾಣೆಬೆನ್ನೂರಾಗ ಬಂದೂಕ ರಿಪೇರಿ ಮಾಡೋ ಗುಡದಪ್ಪನ ಕಡೆ ಹೋದ್ರು. ನಾ ಕೆಡಿಸಿದ್ದನ್ನ ಸುದ್ದ ಮಾಡಸಾಕ ಅಂದ್ಕೊಂಡೆ. ತೊಳಿಯೂದ್ರಾಗ ನಾನ ಅದಲ್ ಬದಲ್ ಮಾಡಿಟ್ಟಿದ್ದೆ ಅಂತ ಕಾಣತೈತಿ.”

ಉಕ್ಕು, ಕಬ್ಬಿಣದ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಸುತ್ತಿ, ಬೆಸೆದು ಮಾಡಿದ ಹಳೆಯ ನಳಿಗೆಗಳವು. ಹುಳಿ ತಾಗಿದರೆ ಹೊಸೆತದ ಗೆರೆಗಳು ಎದ್ದು ಕಾಣುತ್ತವೆ. ಲೋಕದಲ್ಲಿ ಬಂದೂಕನ್ನು ಹುಣಸೆಹಣ್ಣಿನಿಂದ ಬೆಳಗಿದ ಹೆಂಗಸು ತನ್ನ ತಾಯಿ ಒಬ್ಬಳೇ ಇರಬೇಕೆಂದು ಭುವನಾ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಾಯಿಯನ್ನು ತಬ್ಬಿಕೊಂಡಳು. ಅಪ್ಪ ಸುಳ್ಳು ಹೇಳಿರಲಿಲ್ಲ. ತೊಳೆಯುವಾಗ ಅದಲು ಬದಲಾಗಿದೆ, ಅಷ್ಟೇ. ಬ್ಯಾಡಗಿಯಿಂದ ತಮ್ಮ ನಳಿಗೆ ತಂದು ಅವರದನ್ನು ಅವರಿಗೆ ಕೊಟ್ಟರೆ ಎರಡೂ ಬಂದೂಕು ಅಪ್ಪಟ ಅಸಲಿ!

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಸ್ಕೂಟಿ ಬ್ಯಾಡಗಿಯ ದಾರಿ ಹಿಡಿದಾಗ ಮಧ್ಯಾಹ್ನ ಇಳಿಮುಖವಾಗಿತ್ತು. ಮುಂದೆ ಮೆಣಸಿನಕಾಯಿ ಚೀಲದ ಲಾರಿಗಳ ಸಾಲು. ಬೇರೆ ದಿನವಾಗಿದ್ದರೆ ಅವಳು ಒಂದೊಂದು ಲಾರಿಗೂ ಒಂದೊಂದು ಶಾಪ ಹಾಕುತ್ತಿದ್ದಳು. ಇವತ್ತು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ತಾನು ಕಂಡುಹಿಡಿದದ್ದನ್ನು ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡುತ್ತ ಹೋದಳು.

ಬಾಬಾಜಾನ ತೀರಿಕೊಂಡ ಮೇಲೆ ಅವನ ಬಂದೂಕು ಹೆಂಡತಿ ಖತೀಜಾಬಿಯ ಹೆಸರಿನಲ್ಲಿದೆ; ಆಗೆಲ್ಲ ಯಾರೂ ಬಿಚ್ಚಿ ನಂಬರು ನೋಡುತ್ತಿರಲಿಲ್ಲ. ಲೈಸೆನ್ಸಿನ ಫೋಟೋದಲ್ಲಿ ಅವಳು ಬಂದೂಕಿಗೇ ಹೆದರಿಕೆ ಹುಟ್ಟುವ ಹಾಗೆ ನೋಡುತ್ತಾಳೆಂದು ಮೊಮ್ಮಗಳು ಸಿಮ್ರಾನ ಚೇಷ್ಟೆ ಮಾಡುವುದುಂಟು. ಭುವನಾಳನ್ನು ನೋಡಿದ್ದೇ ತಡ, ಮುದುಕಿ ಮಂಚದ ಮೇಲೆ ಜಾಗ ಮಾಡಿ, ಗಲ್ಲ ಹಿಡಿದು, “ಎಷ್ಟ ದಿನಕ್ಕ ಬಂದೀ ಬೇಟಿ, ಕುಂಡ್ರು” ಎಂದಳು. ಬಂದೂಕು ನೋಡಬೇಕೆಂದಾಗ ಎರಡನೇ ಮಾತಿಲ್ಲದೆ ಟ್ರಂಕಿನಿಂದ ತಾನೇ ತೆಗೆದುಕೊಟ್ಟಳು.

ಭುವನಾ ಬುಡ ಬಿಚ್ಚಿ ನೋಡಿದಳು. ಹಿಡಿಯ ಮೇಲೆ ಒಂದು. ನಳಿಗೆಯ ಮೇಲೆ ಎರಡು. ಉದ್ದನೆಯ ನಂಬರಿನ ಮೇಲೆ ಪೆನ್ಸಿಲ್ ಅಚ್ಚು ಇಟ್ಟಳು. ಒಂದು ಅಂಕಿಯೂ ತಪ್ಪಲಿಲ್ಲ. ಬಾಯಿಪಾಠವೆಲ್ಲ ಮರೆತುಹೋಗಿ ಮನಸ್ಸಿನಲ್ಲಿದ್ದದ್ದೇ ಹೊರಗೆ ಬಂತು.

“ಚಾಚಿ, ನಿಮ್ಮ ನಳಿಗಿ ನಮ್ಮ ಕಡೆ ಐತಿ, ನಮ್ಮ ನಳಿಗಿ ನಿಮ್ಮ ಕಡೆ ಐತಿ. ನಮ್ಮದು ನಮಗ ವಾಪಸ್ ಕೊಡ್ರಿ. ನಿಮ್ಮದು ನಾ ತಂದುಕೊಡತೀನಿ.”

ಖತೀಜಾಬಿಯ ಮುಖದ ಮೇಲಿನ ನಗು ನಿಂತೇಹೋಯಿತು. ಅವಳು ಸಿಮ್ರಾನಳ ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ತಾನು ತೆಗೆದುಕೊಂಡು ಸುಮ್ಮನೆ ಕೆಳಗಿಟ್ಟಳು.

“ವಾಪಸ್ ಕೇಳಾಕ ಬಂದಿ?” ಎಂದಳು. “ನಮ್ಮಿಂದ ಏನ ತಪ್ಪಾತು, ಭುವನಾ?”

ಭುವನಾಳಿಗೆ ತಲೆಬುಡ ತಿಳಿಯಲಿಲ್ಲ. ತಪ್ಪೇನೂ ಇಲ್ಲ, ಅವ್ವ ಹುಣಸೆಹಣ್ಣು ಹಚ್ಚಿ ತೊಳೆಯುವಾಗ ಅದಲು ಬದಲಾದದ್ದು ಎಂದು ಅವಸರವಸರವಾಗಿ ಹೇಳಿದಳು. ಮುದುಕಿ ತಲೆ ಅಲ್ಲಾಡಿಸಿದಳು. “ಯಾರಿಂದಲೂ ಏನೂ ಬದಲಾಗಿಲ್ಲ. ನಿಂದ ಕಣ್ಣೈತಿ, ನೋಡಿಕೊ.”

ನೋಡದೆ ಬಿಡುವ ಜೀವವಲ್ಲ ಭುವನಾಳದು. ಕಿಟಕಿಯ ಮೇಲೆ ಖತೀಜಾಬಿಯ ಸುರ್ಮಾದ ಡಬ್ಬಿ ಕಂಡಿತು. ಒಂದು ಹನಿ ಎಣ್ಣೆಯಲ್ಲಿ ಸುರ್ಮಾ ಕಲಸಿ ನಳಿಗೆಯ ಕೊಕ್ಕೆಗೆ ತೆಳ್ಳಗೆ ಸವರಿ, ಬಂದೂಕನ್ನು ಮುಚ್ಚಿ ತೆಗೆದಳು. ಎರಡು ಲೋಹಗಳು ಎಲ್ಲಿ ತಾಗುತ್ತವೋ ಅಲ್ಲಿ ಮಾತ್ರ ಕಪ್ಪು ಅಂಟಬೇಕು. ತಪ್ಪಿ ಕೂಡಿಸಿದ ನಳಿಗೆಯಾಗಿದ್ದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬೀಳಬೇಕಿತ್ತು. ಇಲ್ಲಿ ಕಪ್ಪು ಒಂದೇ ಸಮನೆ, ಕೂದಲೆಳೆಯಷ್ಟೂ ಬಿಡದೆ ಹರಡಿತ್ತು. ಒರೆಸಿ ನೋಡಿದರೆ ಕೊಕ್ಕೆಯ ಒಳಮೈಯಲ್ಲಿ ಅರದ ನುಣ್ಣನೆಯ ಗೆರೆಗಳು. ಯಾರೋ ದಿನಗಟ್ಟಲೆ ಕೂತು ತಿಕ್ಕಿದ್ದಾರೆ, ಮುಚ್ಚಿ ನೋಡಿದ್ದಾರೆ, ಮತ್ತೆ ತಿಕ್ಕಿದ್ದಾರೆ. ಭುವನಾ ನಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ತಪ್ಪು ಎಂಬುದು ಎಂದೂ ಅರ ಹಿಡಿದು ಕೂರುವುದಿಲ್ಲ.

“ಬೇಕಂತ ಮಾಡ್ಯಾರ” ಎಂದಳು ಮೆಲ್ಲಗೆ.

“ಹೂಂ ಮತ್ತ” ಎಂದಳು ಖತೀಜಾಬಿ. “ಒಂದ ಟೆಂಗಿನಕಾಯಿ ಸಲುವಾಗಿ.”

ಸಂಗತಿ ಇಷ್ಟು. ಮಾನೌಮಿಯ ಪೂಜೆಯಾದ ಮೇಲೆ ಬನ್ನಿಗಿಡಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವುದು ಆ ಕಾಲದ ಪದ್ಧತಿ. ಗದಿಗೆವ್ವ ಬರುವ ಹಿಂದಿನ ವರ್ಷ ಶೇಖಪ್ಪ, ಬಾಬಾಜಾನ ಇಬ್ಬರೂ ಒಮ್ಮೆಗೇ ಹೊಡೆದರು. ಕಾಯಿ ಒಡೆಯಿತು. ಒಡೆದದ್ದು ನಾನು ಎಂದು ಇವನು, ನಾನು ಎಂದು ಅವನು. ಎರಡೂ ಒಂದೇ ಬಗೆಯ ಬಂದೂಕು, ಒಂದೇ ಬಗೆಯ ಚರೆ. ಬ್ರಹ್ಮ ಬಂದರೂ ತೀರ್ಪು ಹೇಳುವಂತಿರಲಿಲ್ಲ. ಮೀಸೆ ಬಂದ ಇಬ್ಬರು ಗಂಡಸರು ಮುಂದಿನ ಮಾನೌಮಿಯವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜಗಳದ ಕಾರಣವನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ, ಹೇಳಿದರೆ ಎಮ್ಮೆಯೂ ನಗುತ್ತಿತ್ತು.

“ಮರುವರ್ಷ ಮಾತಿಲ್ಲದಿದ್ರೂ ಇವರು ಬಂದೂಕು ಪೂಜಿಗೆ ಆಳಿನ ಕೈಲೆ ನಿಮ್ಮನಿಗೆ ಕಳಿಸಿದ್ರು. ಬನ್ನಿ ಕೊಡಾಕ ನಿಮ್ಮಪ್ಪನೇ ಮೊದಲ ಇವರ ಕಡೆ ಬಂದ. ಇನ್ನ ಮ್ಯಾಲೆ ಯಾರ ಹೊಡದ್ರೂ ಇಬ್ಬರದೂ ಆಗಬೇಕು, ನನ್ನ ಕೈಯಾಗ ನಿನ್ನ ನಳಿಗಿ, ನಿನ್ನ ಕೈಯಾಗ ನನ್ನ ನಳಿಗಿ ಅಂದ. ಅವು ಸುಮ್ಮ ಕುಂಡ್ರಲಿಲ್ಲ. ಗುಡದಪ್ಪ ಅರ ಹಾಕಿ ಹಾಕಿ ಕುಂಡ್ರಿಸಿದ. ಯಾರು ವಾಪಸ್ ಕೇಳತಾರೋ ಅವತ್ತಿಗೆ ದೋಸ್ತಿ ಮುಗೀತು ಅಂತ ಮಾತಾತು. ಎಂಥೆಂಥಾ ದಿನ ಬಂದು ಹ್ವಾದವು, ಇಬ್ಬರಾಗ ಒಬ್ಬರೂ ಕೇಳಲಿಲ್ಲ.”

ಭುವನಾಳ ಕಿವಿ ಬಿಸಿಯಾಯಿತು. ಅವರಿಬ್ಬರೂ ಸಾಯುವವರೆಗೆ ಆಡದ ಮಾತನ್ನು ತಾನು ಶರಬತ್ತು ಕುಡಿಯುವಷ್ಟರಲ್ಲಿ ಆಡಿಬಿಟ್ಟಿದ್ದಳು. “ನಾ ಕೇಳಲಿಲ್ಲ ಅನಕೋರಿ ಚಾಚಿ. ನನಗ ಗೊತ್ತಿರಲಿಲ್ಲ” ಎಂದಳು. ಆಮೇಲೆ ಹಾವೇರಿಯ ಸಂಗತಿಯನ್ನು, ನಾಳೆಯ ವರದಿಯನ್ನು, ಗುಜರಿಯ ಮಾತನ್ನು ಎಲ್ಲ ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿ ಘಾಟೆಂದು ಅವಳೂ ಹೇಳಲಿಲ್ಲ, ಉಳಿದವರೂ ಕೇಳಲಿಲ್ಲ.

ಮರುದಿನ ಸಿಮ್ರಾನ ಕಾರು ಓಡಿಸಿಕೊಂಡು ಬಂದಳು. ಖತೀಜಾಬಿ ಲೈಸೆನ್ಸನ್ನು ಬುರ್ಖಾದ ಒಳಗೆ, ಬಂದೂಕನ್ನು ಚೀಲದ ಒಳಗೆ ಇಟ್ಟುಕೊಂಡು ಕೊಟ್ರೇಶನ ಅಂಗಡಿಯ ಮೆಟ್ಟಿಲು ಹತ್ತಿದಳು. ಎರಡು ಬಂದೂಕುಗಳು ಎಷ್ಟೋ ವರ್ಷಗಳ ನಂತರ ಒಂದೇ ಬಟ್ಟೆಯ ಮೇಲೆ ಮಲಗಿದವು. ಕೊಟ್ರೇಶ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ತನ್ನ ಮೀಸೆಯನ್ನೇ ನಾಲ್ಕು ಸಲ ತಿರುವಿಕೊಂಡ.

“ಭಾಳ ಸರಳ ಆತಲ್ಲ” ಎಂದ. “ಇದನ್ನ ಅದಕ್ಕ, ಅದನ್ನ ಇದಕ್ಕ ಹಾಕಿದ್ರ ನಂಬರಿಗೆ ನಂಬರ ಕೂಡತಾವು. ಮೂಲ ನಳಿಗಿ ಅಂತ ಕಣ್ಣ ಮುಚ್ಚಿ ಬರೀತೀನಿ.”

“ಬ್ಯಾಡ” ಎಂದಳು ಭುವನಾ. “ಬದಲಿ ಅಂತನ ಬರೀರಿ. ಹೆಂಗ ಬದಲಾತು ಅಂತ ನಾವಿಬ್ಬರೂ ಹೇಳಿಕಿ ಕೊಡತೀವಿ.”

“ಅದನ್ನ ಮ್ಯಾಲಿನವರು ಒಪ್ಪಬಹುದು, ಒಪ್ಪಲಿಕ್ಕಿಲ್ಲ. ಖಾತ್ರಿ ಹಾದಿ ಇರಬೇಕಾದ್ರ ಕಲ್ಲುಮುಳ್ಳಿನ ಹಾದಿ ಯಾಕ ಮೇಡಂ? ಒಪ್ಪಲಿಲ್ಲಂದ್ರ ನಿಮ್ಮಪ್ಪನ ಬಂದೂಕು ಹೋಗೇಬಿಡತೈತಿ.”

“ಹೋದ್ರ ಹೋಗಲಿ. ನಾ ವಾಪಸ್ ಕೇಳೂದಿಲ್ಲ.”

ಅಪ್ಪನ ಬಂದೂಕು ಅಸಲಿ ಎಂದು ಬರೆಸುವುದಕ್ಕೇ ಹೊರಟವಳು ಈ ಮಾತು ಆಡಿದಳು. ಖತೀಜಾಬಿ ಇಷ್ಟು ಹೊತ್ತು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಈಗ ಎದ್ದು ಬಂದು, ತನ್ನ ಬಂದೂಕಿನ ಕೀಲು ತಾನೇ ತಿರುಗಿಸಿ, ನಳಿಗೆ ಕಳಚಿ ಭುವನಾಳ ಕೈಯಲ್ಲಿಟ್ಟಳು.

“ನೀ ಕೇಳಿಲ್ಲ. ನಾನ ಕೊಡಾಕತ್ತೇನಿ. ಕೇಳಬಾರದು ಅಂತ ಮಾತಾಗಿತ್ತು, ಕೊಡಬಾರದು ಅಂತ ಆಗಿರಲಿಲ್ಲ. ಶೇಖಪ್ಪ ಅಣ್ಣಾರ ಬಂದೂಕು ಗುಜರಿಗೆ ಹೋಗೂದನ್ನ ನಾ ನೋಡಾಂಗಿಲ್ಲ.”

ಭುವನಾ ಬೇಡವೆಂದು ತಳ್ಳಿದಳು, ಮುದುಕಿ ಬಿಡಲಿಲ್ಲ. ನಡುವೆ ಕೊಟ್ರೇಶ, ಇವರ ಜಗ್ಗಾಟದಲ್ಲಿ ನಳಿಗೆಗೆ ತಗ್ಗು ಬಿದ್ದೀತೆಂದು ಹೆದರಿ, ಅದನ್ನು ತಾನು ಇಸಕೊಂಡ. ಶೇಖಪ್ಪನವರ ಹಿಡಿಗೆ ಅದನ್ನು ತಗುಲಿಸಿ ಮುಚ್ಚಿದ. ಎರಡಕ್ಕೆ ಎರಡು. ಹುಟ್ಟಿನ ನಳಿಗೆ, ಹುಟ್ಟಿನ ಹಿಡಿ.

ಎತ್ತಿ ಅಲ್ಲಾಡಿಸಿದ. ಗಡಗಡ ಎಂದಿತು.

ಮತ್ತೆ ತೆಗೆದು, ಒರೆಸಿ, ಮತ್ತೆ ಹಾಕಿದ. ಮತ್ತೆ ಗಡಗಡ. ನಳಿಗೆ ಮತ್ತು ಹಿಡಿಯ ನಡುವೆ ಬೆಳಕು ಕಾಣುತ್ತಿತ್ತು. ಇನ್ನೊಂದು ಜೋಡಿಯನ್ನು ಕೂಡಿಸಿ ನೋಡಿದ, ಅದೂ ಹಾಗೆಯೇ. ಹಲ್ಲಾಡುವ ಮುದುಕನ ಬಾಯಿಯಂತೆ ಎರಡೂ ಬಂದೂಕುಗಳು ಸಡಿಲವಾಗಿದ್ದವು.

“ಕುಂಡ್ರವಲ್ವು” ಎಂದ ಕೊಟ್ರೇಶ. ಅವನ ದನಿಯೇ ಬದಲಾಗಿತ್ತು. “ಒಂದಕ್ಕೊಂದು ಕೂಡಬೇಕಂತ ಅರ ಹಾಕಿ ಇಷ್ಟ ಸವಿಸ್ಯಾರಂದ್ರ, ಇನ್ನ ತಮ್ಮ ಮೂಲಕ್ಕ ಇವು ಕೂಡೂದಿಲ್ಲ. ಹಿಂಗ ಇಟ್ಟು ಹೊಡದ್ರ ಹೊಡದವರ ಕೈ ಹಾರತೈತಿ.”

ಭುವನಾ ಮೇಜು ಹಿಡಿದು ನಿಂತಳು. ಅವಳಿಗೆ ಖುಷಿಯೋ ಖುಷಿ. ಮದುವೆ ಮನೆಗಳಲ್ಲಿ ಗೋಡೆಗೊರಗಿದ ಬೀಗರ ಮುಂದೆ ಅಪ್ಪ ಹೇಳುತ್ತಿದ್ದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈ ಹಿಡಿಗೆ ಲೋಕದಲ್ಲಿ ಕೂಡುವ ನಳಿಗೆ ಒಂದೇ, ಅದು ಬಾಬಾಜಾನನದು. ಖತೀಜಾಬಿ ಬುರ್ಖಾದ ತುದಿಯಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ ನಗುತ್ತಿದ್ದಳು. ಸಿಮ್ರಾನ ಅಜ್ಜಿಯನ್ನು ಹಿಡಿದುಕೊಂಡಿದ್ದಳು, ಅಜ್ಜಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೂ ಗೊತ್ತಾಗಲಿಲ್ಲ.

ಕೊಟ್ರೇಶ ನಳಿಗೆಗಳನ್ನು ಮತ್ತೆ ಅದಲು ಬದಲು ಮಾಡಿ ಹಾಕಿದ. ಟಕ್ ಎಂಬ ಒಂದೇ ಸದ್ದಿಗೆ ಅವು ಕಚ್ಚಿ ಕೂತವು. ಆಮೇಲೆ ಎರಡು ಬಂದೂಕಿಗೂ ಒಂದೊಂದು ವರದಿಯ ಹಾಳೆ ಎಳೆದುಕೊಂಡ. ಈಗ ಬದಲಿ ಎಂದು ಬರೆದರೂ ಅಂಜಿಕೆಯಿಲ್ಲ, ಎರಡೂ ನಳಿಗೆ ಎಲ್ಲಿಂದ ಬಂದವೆಂದು ಸಾಕ್ಷಿಯಿದೆ, ಬೇರೆ ಯಾವ ನಳಿಗೆಯೂ ಕೂಡುವುದಿಲ್ಲವೆಂದು ತಾನೇ ಬರೆಯುತ್ತೇನೆ, ಅದನ್ನು ಅಲ್ಲಗಳೆಯುವುದು ಯಾರಿಗೂ ಆಗದು ಎಂದ. ಹಾಳೆಯ ಮೇಲೆ ‘ಮೂಲ, ಬದಲಿ’ ಎಂದು ಅಚ್ಚಾಗಿತ್ತು. ಒಂದನ್ನು ಹೊಡೆದು ಹಾಕಬೇಕು. ಭುವನಾ ಪೆನ್ನು ಇಸಕೊಂಡು ‘ಮೂಲ’ ಎಂಬುದರ ಮೇಲೆ ತಾನೇ ಗೆರೆ ಎಳೆದಳು.

“ಬದಲಿ ನಳಿಗಿ ಯಾರಿಂದ ಬಂತು? ಹೆಸರ ಹೇಳ್ರಿ.”

“ಬಾಬಾಜಾನ” ಎಂದಳು ಭುವನಾ.

“ತೀರಕೊಂಡವರ ಹೆಸರ ನಡಿಯೂದಿಲ್ರಿ. ಈಗ ಬಂದೂಕಿನ ವಾರಸದಾರರು ಯಾರೋ ಅವರದ ಬೇಕು.”

ಖತೀಜಾಬಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಕನ್ನಡಕ ಏರಿಸಿ, ಕನ್ನಡ ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ತನ್ನ ಹೆಸರನ್ನು ಪೂರ್ತಿ ಬರೆದಳು. ಆಮೇಲೆ ತನ್ನ ಬಂದೂಕಿನ ಹಾಳೆಯನ್ನು ಭುವನಾಳ ಮುಂದೆ ಸರಿಸಿ, ಹೆಸರು ಬರೆಯಬೇಕಾದ ಜಾಗದ ಮೇಲೆ ಬೆರಳಿಟ್ಟಳು.

“ಇಲ್ಲಿ ನಿಂದು ಬರಿ” ಎಂದಳು. “ಬರದ ಮ್ಯಾಲೆ ವಾಪಸ್ ಕೇಳಾಂಗಿಲ್ಲ, ನೋಡು.”

ಭುವನಾ ಬರೆದಳು.